ಭಾನುವಾರವೂ ಲಭ್ಯ

ಇಷ್ಟೆಲ್ಲ ಫಜೀತಿಗೆ ಕಾರಣ ಒಂದು ಗುಂಡಿ. ಶನಿವಾರ ಸಂಜೆ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಹೇಗಿದೆ ನೋಡೋಣ ಅಂತ ನಮ್ಮ ಖಾತ್ರಿಯಪ್ಪ ಅದರಲ್ಲಿ ಸುಮ್ಮನೆ ಏನೋ ಗೀಚಿ, ಗುಂಡಿ ಒತ್ತಿ, ಮನೆಗೆ ಹೊರಟುಬಿಟ್ಟ. ಹಳೇ ಸಾಫ್ಟ್‌ವೇರಿನಲ್ಲಿ ಆ ಗುಂಡಿ ಒತ್ತಿದರೆ ಬರೆದದ್ದು ಕರಡಾಗಿ ಒಳಗೇ ಉಳಿಯುತ್ತಿತ್ತು. ಹೊಸದರಲ್ಲಿ ಊರಿಗೆಲ್ಲ ಕಾಣುತ್ತಿತ್ತು.

ಅದು ಸಹಾಯವಾಣಿ ಕಚೇರಿ. ಗಾಲಿಕುರ್ಚಿ ಎಲ್ಲಿ ಬಾಡಿಗೆಗೆ ಸಿಗುತ್ತೆ, ಕುಡಿತ ಬಿಡಿಸೋರು ಯಾರು, ಕಡಿಮೆ ದುಡ್ಡಿಗೆ ಹಲ್ಲು ಕಟ್ಟೋ ಡಾಕ್ಟರ್ ಯಾರು ಅಂತ ಜನ ಫೋನ್ ಮಾಡಿದರೆ, ಡೇಟಾಬೇಸ್ ನೋಡಿ ಹೇಳುತ್ತಾರೆ; ಬೇಕಾದರೆ ನೇರವಾಗಿ ಲೈನ್ ಕೂಡ ಕೊಡುತ್ತಾರೆ. ಆ ಡೇಟಾಬೇಸನ್ನು ಹೆತ್ತಮ್ಮನ ಹಾಗೆ ಕಾಯುವವನು ಇವನು. ಇಡೀ ದಿನ ಆಸ್ಪತ್ರೆಗಳಿಗೆ, ಆಶ್ರಮಗಳಿಗೆ ಫೋನ್ ಮಾಡಿ, "ನಂಬರ್ ಇದೇನಾ? ಬಾಗಿಲು ತೆಗೆಯೋದು ಒಂಬತ್ತಕ್ಕೇನಾ? ಖಾತ್ರಿನಾ?" ಅಂತ ಪ್ರಾಣ ಹಿಂಡುತ್ತಿದ್ದ. ಹೆಸರು ಬಂದದ್ದು ಹಾಗೆ. ಒಂದು ಸುಳ್ಳು ಎಂಟ್ರಿ ಸಿಕ್ಕರೂ ಅದನ್ನು ಹಾಕಿದವನನ್ನು ಉಗ್ರಾಣಕ್ಕೆ ಎತ್ತಂಗಡಿ ಮಾಡಬೇಕು ಅಂತ ಮೇಲಧಿಕಾರಿಗೆ ಹೇಳಿಕೊಟ್ಟವನೂ ಇವನೇ.

ಶನಿವಾರ ಅವನು ಗೀಚಿದ್ದು ಹೀಗಿತ್ತು: "ಮನೆಯೊಳಗಿನ ಭಾರದ ಸಾಮಾನು ಎತ್ತಿಡುವ ಸೇವೆ. ಅಶಕ್ತರಿಗೆ ಉಚಿತ. ಭಾನುವಾರವೂ ಲಭ್ಯ." ವಾರದಿಂದ ಹೆಂಡತಿ ಬೀರು, ಬೀರು ಅಂತ ಜಪ ಮಾಡುತ್ತಿದ್ದಳಲ್ಲ, ಕೈಗೂ ಅದೇ ಬಂತು. ನಂಬರಿನ ಜಾಗದಲ್ಲಿ ತನ್ನ ಎರಡನೇ ಸಿಮ್ಮಿನ ನಂಬರು ಹಾಕಿದ್ದ. ರಜೆಯಲ್ಲಿ ಕಚೇರಿಯವರು ಕಾಡಬಾರದು ಅಂತ ಗುಟ್ಟಾಗಿಟ್ಟುಕೊಂಡ, ಮನೆಯವರಿಗೆ ಮಾತ್ರ ಗೊತ್ತಿದ್ದ ನಂಬರು ಅದು.

ಭಾನುವಾರ ಬೆಳಗ್ಗೆ ಹೆಂಡತಿ ಬೀರುವಿನೊಳಗಿನ ಬಟ್ಟೆಯೆಲ್ಲ ತೆಗೆದು ಚಾಪೆಯ ಮೇಲೆ ಗುಡ್ಡೆ ಹಾಕಿ, ಸೆರಗು ಸಿಕ್ಕಿಸಿ ನಿಂತಳು.

"ಏನ್ರೀ, ಒಂದು ಕೈ ಹಾಕಿ. ಕಿಟಕಿ ಪಕ್ಕ ಇಟ್ಟುಬಿಡೋಣ."

"ಅಯ್ಯಯ್ಯೋ, ಬೆನ್ನು!" ಅಂದ ಖಾತ್ರಿಯಪ್ಪ. ಮಧ್ಯಾಹ್ನ ಟಿವಿಯಲ್ಲಿ ಫೈನಲ್ ಪಂದ್ಯವಿತ್ತು. ಬೆನ್ನು ಕಲ್ಲುಗುಂಡಿನ ಹಾಗೆ ಗಟ್ಟಿಮುಟ್ಟಾಗಿತ್ತು.

"ಪಾಪ, ಮಲಕ್ಕೊಳ್ಳಿ. ಸಂಜೆವರೆಗೂ ಏಳಬೇಡಿ. ನಾನು ಅಕ್ಕನ ಮನೆಗೆ ಹೋಗಿ ಬರ್ತೀನಿ," ಅಂತ ಅವಳು ಎಣ್ಣೆ ತಿಕ್ಕಿ, ಹೊದಿಕೆ ಹೊದಿಸಿ ಹೋದಳು. ಆಹಾ, ಇಡೀ ದಿನ ತನ್ನದು! ಖಾತ್ರಿಯಪ್ಪ ರಿಮೋಟ್ ಹಿಡಿದು ಕಾಲು ಚಾಚಿದ. ಫೋನ್ ಬಡಿದುಕೊಂಡಿತು.

"ಸಾಮಾನು ಎತ್ತೋನು ನೀನೇನಯ್ಯಾ?" ಹೆಂಗಸಿನ ಗಡಸು ದನಿ. "ನಾನು ರಿಟೈರ್ಡ್ ಹೆಡ್ ಮಿಸ್. ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಮಂಚ ಮಹಡಿಯಿಂದ ಕೆಳಗೆ ಬರಬೇಕು. ಸಹಾಯವಾಣಿಯವರು ನಿನ್ನ ನಂಬರ್ ಕೊಟ್ಟರು. ಬರ್ತೀಯೋ, ಇಲ್ಲ ನಂಬರ್ ಸುಳ್ಳು ಅಂತ ದೂರು ಬರೀಲೋ?"

ಖಾತ್ರಿಯಪ್ಪನ ಕಣ್ಣ ಮುಂದೆ ಉಗ್ರಾಣ ಬಂತು. "ಬಂದೆ, ಬಂದೆ" ಅಂತ ವಿಳಾಸ ಬರೆದುಕೊಂಡವನೇ ಇನ್ನೊಂದು ಸಿಮ್ಮಿನಿಂದ ಕಚೇರಿಗೆ ಫೋನ್ ಮಾಡಿದ. ಡ್ಯೂಟಿಯಲ್ಲಿದ್ದ ಆಪರೇಟರ್ ಹುಡುಗಿ ಎತ್ತಿದಳು.

"ನೋಡಮ್ಮಾ, ಆ ಸಾಮಾನು ಎತ್ತೋ ಎಂಟ್ರಿ ಇದೆಯಲ್ಲ, ತೆಗೆದುಬಿಡು."

"ನೀವೇ ಹಾಕಿರೋದು ಸಾರ್! ನೀವು ಹಾಕಿದ್ದು ತಪ್ಪಿರುತ್ತಾ? ಅದೂ ಅಲ್ದೆ ನಿಮ್ಮ ನಿಯಮ ಇದೆಯಲ್ಲ. ಎಂಟ್ರಿ ತೆಗೆಯೋ ಮುಂಚೆ ಮೂರು ಸಲ ಫೋನ್ ಮಾಡಬೇಕು, ರಿಂಗ್ ಆಗಬೇಕು, ಮೂರು ಸಲವೂ ಎತ್ತಿರಬಾರದು. ಸ್ವಿಚ್ ಆಫ್ ಇದ್ರೆ ಲೆಕ್ಕಕ್ಕಿಲ್ಲ. ಇವತ್ತೇ ಮಾಡಿ ನೋಡ್ತೀನಿ ಸಾರ್."

ಸರಿ, ಮೂರು ಸಲ ಫೋನ್ ಎತ್ತದಿದ್ದರೆ ಬಚಾವು. ಅದೇನು ಮಹಾ ಅಂದುಕೊಂಡು ಖಾತ್ರಿಯಪ್ಪ ಚಪ್ಪಲಿ ಮೆಟ್ಟಿದ.

ಹೆಡ್ ಮಿಸ್ ಹೇಗೋ ಕೆಳಗಿಳಿದು ಬಂದು ಕುರ್ಚಿಯಲ್ಲಿ ಕೂತು, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು, ಊರುಗೋಲಿನಿಂದಲೇ ದಾರಿ ತೋರಿಸುತ್ತಿದ್ದರು. ಮಂಚವನ್ನು ಬಿಡಿಬಿಡಿಯಾಗಿ ಕಳಚಿ ಇಳಿಸಿದ್ದಾಯಿತು. "ಹೇಗೂ ಬಂದಿದ್ದೀಯ, ಆ ಮೇಜೂ ಬರಲಿ," ಅಂದರು. ಮೇಜೂ ಬಂತು. ಪಕ್ಕದ ಅಂಗಡಿಯ ಟೈಲರ್ ಇಣುಕಿ, "ಏನು, ಫ್ರೀನಾ? ಹಾಗಾದ್ರೆ ನಮ್ಮ ಮಿಷನ್ನೂ ಸ್ವಲ್ಪ ಬೆಳಕಿಗೆ ತಳ್ಳಿಕೊಡಿ ಅಣ್ಣಾ" ಅಂದ. ಅದನ್ನೂ ತಳ್ಳಿಕೊಟ್ಟ. ನಡುವೆ ಎರಡು ಸಲ ಕಚೇರಿಯ ನಂಬರಿನಿಂದ ಫೋನ್ ಬಂತು. ಖಾತ್ರಿಯಪ್ಪ ಹಲ್ಲು ಕಚ್ಚಿ ಬಡಿದುಕೊಳ್ಳಲು ಬಿಟ್ಟ.

"ಫೋನ್ ಬಂದ್ರೆ ಎತ್ತಬೇಕು ಅನ್ನೋ ಶಿಸ್ತಿಲ್ವೇನಯ್ಯಾ ನಿಂಗೆ?" ಹೆಡ್ ಮಿಸ್ ಗದರಿದರು.

ಆದರೂ ಅವರು ಮಂಚದ ಮೇಲೆ ಹೊರಳಿ, ಹೊಸ ಜಾಗದ ಕಿಟಕಿಯಿಂದ ಬೀದಿ ನೋಡಿ, "ತಿಂಗಳಾಯ್ತಪ್ಪಾ ಜನರ ಮುಖ ನೋಡಿ" ಅಂದಾಗ ಖಾತ್ರಿಯಪ್ಪನಿಗೆ ನಿಜವಾಗಿ ಖುಷಿಯಾಯಿತು. ಇಷ್ಟು ವರ್ಷ ನಂಬರು ಕೊಟ್ಟು ಕೈತೊಳೆದುಕೊಂಡಿದ್ದ. ನಂಬರಿನ ಆ ಕಡೆ ಏನಾಗುತ್ತದೆ ಅಂತ ನೋಡಿರಲಿಲ್ಲ. ಅವರು ಕೊಟ್ಟ ಕಾಫಿಯೂ ಚೆನ್ನಾಗಿತ್ತು.

ಕೊನೆಯದಾಗಿ ಅದೇ ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಟ್ರಂಕು. ಎತ್ತಲಾಗದೆ ಅವನು ಒದ್ದಾಡುವುದನ್ನು ನೋಡಿ, "ದಡ್ಡ, ಅಡಿಗೆ ಹಳೇ ಕಂಬಳಿ ಹಾಕಿ ಎಳಿ, ತಾನಾಗಿ ಜಾರುತ್ತೆ" ಅಂದರು. ಟ್ರಂಕು ಜಾರುತ್ತಾ ಬಂದು ಮಂಚದ ಹತ್ತಿರ ನಿಂತಿತು. ಅದನ್ನು ಮೇಲೆತ್ತಿ ಕಂಬಳಿ ತೆಗೆಯಬೇಕು ಅನ್ನುವಾಗ, ಎರಡೂ ಕೈ ಅಡಿಯಲ್ಲಿ ಸಿಕ್ಕಿಕೊಂಡಿರುವಾಗ, ಮೂರನೇ ಸಲ ಫೋನ್ ಬಂತು. ಹೆಡ್ ಮಿಸ್ ಮಂಚದಿಂದಲೇ ಬಗ್ಗಿ, ಅವನ ಅಂಗಿಯ ಜೇಬಿನಿಂದ ಫೋನ್ ಕಿತ್ತು ಕಿವಿಗಿಟ್ಟುಕೊಂಡರು.

"ಬೇಡಿ ಮಿಸ್!" ಅಂತ ಅವನು ಕಿರುಚಿದ್ದು ದಂಡವಾಯಿತು.

"ಹ್ಞಾಂ, ಇಲ್ಲೇ ಇದ್ದಾನೆ. ಬಂಗಾರದಂಥ ಮನುಷ್ಯ. ಏನು? ಖಾತ್ರಿನಾ? ನೂರಕ್ಕೆ ನೂರು ಖಾತ್ರಿ, ಬರ್ಕೊಳಮ್ಮಾ!" ಆಮೇಲೆ ಫೋನನ್ನು ಅವನ ಕಿವಿಗೆ ಒತ್ತಿ, "ಯಾರಿಗೋ ನೀನು ಬೇಕಂತೆ, ಲೈನ್ ಕೊಡ್ತಿದ್ದಾರೆ, ಮಾತಾಡು" ಅಂದರು.

"ಹಲೋ, ಭಾರ ಎತ್ತೋರಾ?" ಅಂತು ಆ ಕಡೆಯ ದನಿ. "ನಮ್ಮನೇಲಿ ಒಂದು ಖಾಲಿ ಬೀರು ಇದೆ, ಕಿಟಕಿ ಪಕ್ಕ ಇಡಬೇಕು. ನಮ್ಮನೆಯವರಿಗೆ ಪಾಪ ಬೆನ್ನು ಹಿಡಿದಿದೆ, ಮಲಗಿದ್ದಾರೆ..."

ಹೆಂಡತಿ! ಖಾತ್ರಿಯಪ್ಪ ಮೂಗು ಮುಚ್ಚಿಕೊಂಡವನ ಹಾಗೆ ದನಿ ಬದಲಿಸಿ, ತನ್ನದೇ ಮನೆಯ ವಿಳಾಸ ಕೇಳಿಕೊಂಡು, "ಆಗ್ಲಮ್ಮಾ, ಬರ್ತೀನಮ್ಮಾ" ಅಂದ.

"ನಾನು ಅಕ್ಕನ ಮನೆಯಿಂದ ಈಗ ಹೊರಡ್ತಿದ್ದೀನಿ. ನೀವು ಮೊದಲೇ ಹೋದ್ರೆ ಸದ್ದು ಮಾಡಬೇಡಿ, ಅವರಿಗೆ ನಿದ್ದೆ ಕೆಡುತ್ತೆ."

ಇನ್ನೇನು ಗತಿ? ಅವಳು ಬರುವಷ್ಟರಲ್ಲಿ ಬೀರು ಜರುಗಿರಬೇಕು, ರೋಗಿ ಮಲಗಿರಬೇಕು. ಎತ್ತುವವನೂ ತಾನೇ, ರೋಗಿಯೂ ತಾನೇ. ಖಾತ್ರಿಯಪ್ಪ ಬಿದ್ದೆನೋ ಎದ್ದೆನೋ ಅಂತ ಮನೆಗೆ ಓಡಿದ. ಹಳೇ ಕಂಬಳಿ ಹಾಸಿ, ಮಿಸ್ ಹೇಳಿಕೊಟ್ಟ ಹಾಗೆ ಎಳೆದ. ಜಾರಿತು! ಬೀರುವನ್ನು ಕಿಟಕಿ ಪಕ್ಕ ನಿಲ್ಲಿಸಿ, ಹೊದಿಕೆಯೊಳಗೆ ನುಗ್ಗಿ ಏದುಸಿರು ಬಿಡುತ್ತಿರುವಾಗ ಬಾಗಿಲ ಸದ್ದಾಯಿತು.

"ಏನ್ರೀ, ಆ ಮನುಷ್ಯ ಬಂದಿದ್ನಾ?"

"ಹ್ಞೂಂ. ಬಂದ, ಎಳೆದಿಟ್ಟ, ಹೋದ. ಒಳ್ಳೆಯವನು ಪಾಪ," ಅಂದ ಖಾತ್ರಿಯಪ್ಪ ಕ್ಷೀಣವಾಗಿ. ಹೊರಗೆ ಯಾರ ಮನೆಯ ಟಿವಿಯಲ್ಲೋ ಪಂದ್ಯದ ಕೊನೆಯ ಗದ್ದಲ ಕೇಳುತ್ತಿತ್ತು. ಹೋಗಲಿ, ಮಾನ ಉಳಿಯಿತಲ್ಲ, ಮಂಚದ ಪುಣ್ಯವೂ ಬಂತಲ್ಲ ಅಂತ ಹಾಯಾಗಿ ಕಣ್ಣು ಮುಚ್ಚಿದ.

ಅವಳು ಬಾಗಿಲಲ್ಲಿ ನಿಂತು ಬೀರು ನೋಡಿದಳು. ಹತ್ತಿರ ಹೋಗಿ ನೋಡಿದಳು. ಹಿಂದೆ ಸರಿದು ನೋಡಿದಳು.

"ಛೆ, ಕಿಟಕಿ ಬೆಳಕೆಲ್ಲ ಹೋಯ್ತಲ್ರೀ. ಮೊದಲಿದ್ದ ಕಡೇನೇ ಚೆನ್ನಾಗಿತ್ತು. ನೀವು ಏಳಬೇಡಿ, ಅವನನ್ನೇ ಕರೀತೀನಿ. ಭಾನುವಾರವೂ ಬರ್ತಾನಂತೆ." ಅವಳು ಆಗಲೇ ಸಹಾಯವಾಣಿಗೆ ಫೋನ್ ಹಚ್ಚಿದ್ದಳು. "ಹ್ಞಾಂ ಕಣಮ್ಮಾ, ಬೀರುವಿನವರೇ. ಲೈನ್ ಕೊಡ್ತೀಯಾ? ಕೊಡು."

ಹೊದಿಕೆಯೊಳಗೆ ಫೋನ್ ಬಡಿದುಕೊಂಡಿತು.

ಖಾತ್ರಿಯಪ್ಪ ಅಲ್ಲಾಡಲಿಲ್ಲ. ಅವಳು ಹೊದಿಕೆ ನೋಡಿದಳು, ಬಾಗಿಲಲ್ಲಿ ಬಿದ್ದಿದ್ದ ಧೂಳು ಮೆತ್ತಿದ ಚಪ್ಪಲಿ ನೋಡಿದಳು, ಆಮೇಲೆ ಗಂಡನ ಬೆವರಿದ ಮುಖ. ರಿಂಗಾಗಿ ರಿಂಗಾಗಿ ಫೋನ್ ನಿಂತಿತು. ಆಪರೇಟರ್ ಹುಡುಗಿ ಮತ್ತೆ ಲೈನಿಗೆ ಬಂದಳೇನೋ.

"ಇಲ್ಲಮ್ಮಾ, ಎತ್ತದಿದ್ರೂ ಪರವಾಗಿಲ್ಲ, ಸಿಕ್ಕಿದ್ರು," ಅಂದಳು ಹೆಂಡತಿ, ಸೆರಗು ಸಿಕ್ಕಿಸುತ್ತಾ. "ಎಂಟ್ರಿ ಮಾತ್ರ ಯಾವ ಕಾರಣಕ್ಕೂ ತೆಗೀಬೇಡ. ಪ್ರತಿ ಭಾನುವಾರ ಅಂತ ಬರ್ಕೊ. ಹ್ಞಾಂ ಹ್ಞಾಂ, ಖಾತ್ರಿ."