ಕಡಲವ್ವನ ಜೋಡಿ ನೇಮ

ಅಂಬರೀಶನ ಮೊಬೈಲು ಅಕ್ಕಿ ತೊಳೆದ ನೀರಿನಲ್ಲಿ ಬಿದ್ದೆದ್ದ ದಿನದಿಂದ ಒಂದು ವಿಚಿತ್ರ ರೋಗ ಹಿಡಿಸಿಕೊಂಡಿತ್ತು. ಕಿವಿಗಿಟ್ಟುಕೊಂಡರೆ ಒಂದಕ್ಷರ ಕೇಳಿಸದು. ಸ್ಪೀಕರ್ ಒತ್ತಿದರೆ ಗಣಪತಿ ಪೆಂಡಾಲಿನ ಮೈಕು. ರಿಪೇರಿ ಮಾಡಿಸಲು ಸೋಮಾರಿತನ ಮಾಡಿದ್ದಕ್ಕೆ ಅವನು ತೆತ್ತ ದಂಡ ಸಣ್ಣದಲ್ಲ.

ಅವತ್ತು ಬೆಳಿಗ್ಗೆ ಅವನು ಮಾನ್ವಿಯ ತನ್ನ ಮನೆಯ ಹಿತ್ತಲಲ್ಲಿ, ನೀರಿನ ಡ್ರಮ್ಮಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಗುಟ್ಟಾಗಿ ಫೋನು ಹಚ್ಚಿದ. ಫೋನು ಗುಟ್ಟನ್ನು ಓಣಿಗೆಲ್ಲ ಸಾರಿತು.

"ಹಲೋ, ಕರಿಬಂಡೆಯಿಂದ ಮಾತಾಡುವುದು. ನಾಳೆ ಬರುವುದು ನೀವಿಬ್ಬರೇ ಅಲ್ಲವಾ? ಗಂಡ-ಹೆಂಡತಿ? ಕಿಟಕಿ ತೆಗೆದರೆ ಸಮುದ್ರವೇ ಮಾರಾಯ್ರೆ. ಅಲೆ ನಿಮ್ಮ ಮಂಚಕ್ಕೇ ಬರ್ತದೆ!"

ಅಂಬರೀಶ ಫೋನನ್ನು ಬನಿಯನ್ನಿನೊಳಗೆ ತುರುಕಿಕೊಂಡ. ಹೊಟ್ಟೆಯೊಳಗಿಂದಲೇ ಕರಿಬಂಡೆಯ ರೂಮಿನ ಹೆಂಗಸು, "ಬಂಗುಡೆ ಮೀನು ಹುರಿದು ಇಡ್ಲಾ?" ಎಂದು ಕೇಳುತ್ತಿದ್ದಳು.

ಮದುವೆಯಾದಾಗಿನಿಂದ ಅವನು, ದುರ್ಗಾ ಇಬ್ಬರೇ ಎಲ್ಲಿಗೂ ಹೋದವರಲ್ಲ. ಮನೆಯಲ್ಲಿದ್ದದ್ದು ಎರಡು ಕೋಣೆ. ಒಂದರಲ್ಲಿ ಕೆಮ್ಮಿದರೆ ಇನ್ನೊಂದರಿಂದ ನೀರು ಬರುತ್ತಿತ್ತು. ಹೆಂಡತಿಗೆ ಒಂದು ಮೆಚ್ಚುಗೆಯ ಮಾತು ಹೇಳಿದರೂ ಆಚೆ ಕೋಣೆಯಿಂದ ತಾಯಿ ಬಸ್ಸಮ್ಮ "ಏನಂದಿ?" ಎನ್ನುತ್ತಿದ್ದಳು. ಅದಕ್ಕೇ ದುರ್ಗಾ ಒಂದು ಆಸೆ ಹೇಳಿಕೊಂಡಿದ್ದಳು. ಯಾವುದಾದರೂ ಸಣ್ಣ ಮೀನುಗಾರರ ಊರಲ್ಲಿ ಎರಡು ದಿನ ಇದ್ದು, ನೀರಿಗೆ ಕಾಲು ಇಳಿಬಿಟ್ಟು ಕೂಡಬೇಕು. ಪಕ್ಕದಲ್ಲಿ ಗಂಡ, ಗಂಡನ ಪಕ್ಕದಲ್ಲಿ ಯಾರೂ ಇರಬಾರದು. ಅಂಬರೀಶ ತನ್ನ ಆಫೀಸಿನಲ್ಲಿ ರಜೆ ಬರೆದು ಕೊಟ್ಟಿದ್ದ. ಅವತ್ತು ಸಂಜೆಯ ಬಸ್ಸಿಗೆ ಸೀಟೂ ಹಿಡಿದಿದ್ದ. ಮನೆಯಲ್ಲಿ ಹೇಳುವುದೊಂದೇ ಬಾಕಿ.

"ಎಲ್ಲಿಗಿ ಹೊಂಟೀಯಲೇ?" ಹಿತ್ತಲ ಬಾಗಿಲಲ್ಲಿ ಬಸ್ಸಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಸಮುದ್ರಕ್ಕಬೇ. ನೀರು ನೋಡಾಕ."

"ನೀರು ನೋಡಾಕ ಅಷ್ಟು ದೂರ ಯಾಕ? ಕಾಲುವಿಗಿ ನೀರು ಬಿಟ್ಟಾರ. ಹೋಗಿ ನೋಡಿ ಬಾ, ಅಷ್ಟರಾಗ ರೊಟ್ಟಿ ಆಗ್ತಾವು."

"ಅದು ಬ್ಯಾರೆ ನೀರು..."

"ಅಲ್ಲಿ ಯಾವ ದೇವರು ಅದ?"

ಅಂಬರೀಶ ಸಿಕ್ಕಿಬಿದ್ದ. ಅವರ ಓಣಿಯಲ್ಲಿ ದೇವರಿಲ್ಲದ ಊರಿಗೆ ಯಾರೂ ಬ್ಯಾಗು ಹೊತ್ತುಕೊಂಡು ಹೋಗಿದ್ದಿಲ್ಲ. ನೀರಮಾನ್ವಿಯ ಎಲ್ಲಮ್ಮನಿಗೆ ಹೋಗುತ್ತಿದ್ದರು, ಉರುಸಿಗೆ ಹೋಗುತ್ತಿದ್ದರು, ಆಸ್ಪತ್ರೆಗೆ ಹೋಗುತ್ತಿದ್ದರು. ಸುಮ್ಮನೆ ಕಾಲು ಇಳಿಬಿಡಲು ಹೋದವನ ತಲೆ ಸರಿಯಿಲ್ಲವೆಂದೇ ಅರ್ಥ.

"ಕಡಲವ್ವ," ಎಂದುಬಿಟ್ಟ. ತಾಯಿ ಆಗಲೇ ಗೂಟದ ಮೇಲಿನ ಒಳ್ಳೆಯ ಸೀರೆಯ ಕಡೆ ನೋಡುತ್ತಿರುವುದು ಕಂಡು ಆತುರದಲ್ಲಿ ಸೇರಿಸಿದ. "ಆದ್ರ ಯವ್ವಾ, ಆ ದೇವಿಗಿ ಒಂದು ನೇಮ ಅದ. ಗಂಡ-ಹೆಂಡ್ತಿ ಜೋಡಿಯಾಗಿ ಹೋದ್ರಷ್ಟ ದರ್ಶನ. ಮೂರನೇದವರು ಕಾಲಿಡಂಗಿಲ್ಲ."

ಬಸ್ಸಮ್ಮ ಸೀರೆಯ ಮೇಲಿನ ಕಣ್ಣು ತೆಗೆದಳು. ಅವಳಿಗೂ ಗಂಡನಿದ್ದ, ಹಂಪಯ್ಯ ಅಂಗಳದಲ್ಲೇ ಬೀಡಿ ಸೇದುತ್ತ ಕೂತಿದ್ದ. ಆದರೆ ಯಾಪಲದಿನ್ನಿಯ ನೆಂಟರ ಮನೆಯಲ್ಲಿ ಅವನು "ಹೋಳಿಗಿ ಅಂದ್ರ ಇದು!" ಎಂದು ಬಾಯಿ ಚಪ್ಪರಿಸಿದ ದಿನದಿಂದ ಬಸ್ಸಮ್ಮ ಅವನ ಜೊತೆ ನೇರ ಮಾತು ಬಿಟ್ಟಿದ್ದಳು. ಏನಿದ್ದರೂ ಸೊಸೆಯ ಮುಖಾಂತರ. "ಅವರಿಗಿ ಹೇಳವ್ವಾ, ಚಾ ಆರಾಕತ್ತದ ಅಂತ" ಎಂದು ಇವಳು, "ಆಕಿಗಿ ಹೇಳು, ಆರಲಿ ಅಂತ" ಎಂದು ಅವನು.

ತಾಯಿಯ ಸೀರೆ ಗೂಟದಲ್ಲೇ ಉಳಿಯಿತೆಂದು ಅಂಬರೀಶ ಸಮಾಧಾನದ ಉಸಿರು ಬಿಟ್ಟ. ಗೋಡೆಯ ಆಚೆ ಆಡಿಗೆ ಸೊಪ್ಪು ಹಾಕುತ್ತಿದ್ದ ಪಕ್ಕದ ಮನೆಯ ಬಡೇಬೀಯ ಕೈ ನಿಂತುಹೋಗಿದ್ದು ಅವನಿಗೆ ಕಾಣಲಿಲ್ಲ.

ಬಡೇಬೀಯ ಬಾಯಿಗೆ ಬಿದ್ದ ಸುದ್ದಿ ಹಿಟ್ಟಿನ ಗಿರಣಿಗೆ ಬಿದ್ದ ಜೋಳದಂತೆ. ಹೊರಗೆ ಬರುವಾಗ ಅದರ ರೂಪವೇ ಬೇರೆ. ಓಣಿಯ ಈ ತುದಿಯಲ್ಲಿ "ಜೋಡಿಯಾಗಿ ಹೋಗಬೇಕಂತ" ಎಂದಿದ್ದದ್ದು ಆ ತುದಿ ಮುಟ್ಟುವಷ್ಟರಲ್ಲಿ "ಜೋಡಿಯಾಗಿ ಹೋಗಿ ಬಂದ್ರ ಗಂಡ ಮತ್ತ ದನಿ ಎತ್ತಂಗಿಲ್ಲಂತ" ಎಂದಾಯಿತು. ಅಂಬರೀಶ ಸ್ನಾನ ಮಾಡಿ ಆಫೀಸು ಸೇರುವ ಮೊದಲೇ ಕಡಲವ್ವ ಅಲ್ಲಿಗೆ ಬಂದು ಕೂತಿದ್ದಳು.

"ಬಾರಪಾ ಅಂಬರೀಶ, ಕೂಡು," ಎಂದರು ಮೇಲಧಿಕಾರಿ ಹನುಮಂತರಾಯರು. ಅವರು ಅವನನ್ನು ಕೂಡು ಎಂದದ್ದು ಇದೇ ಮೊದಲು. "ಬೆಳಿಗ್ಗಿ ಹಾಲು ಹಾಕಾಕ ಬಂದಾಕಿ ನಮ್ಮ ಮನಿಯಾಗ ಏನೋ ಹೇಳ್ಯಾಳ. ನಮ್ಮಾಕಿ ಅಹಲ್ಯಾ ಹಟ ಹಿಡದಾಳ. ಕಡಲವ್ವಗ ಹೋಗಲೇಬೇಕಂತ."

ಅಂಬರೀಶ ಕೂತಲ್ಲಿಂದ ಎದ್ದೇಬಿಟ್ಟ. "ಬ್ಯಾಡ್ರಿ ಸಾರ್. ಅದು ಮೀನುಗಾರರ ಊರು. ಮೂಗು ಹಿಡ್ಕೊಂಡೇ ತಿರುಗಬೇಕು. ನಿಮ್ಮಂಥ ಮಡಿಯವರಿಗಿ..."

"ನಾನೂ ಅದನ್ನೇ ಅಂದೆನೋ. 'ದೇವರೇ ಮೀನಾಗಿ ಅವತಾರ ಎತ್ತ್ಯಾನ, ನಿಮ್ಮದೇನು ದೊಡ್ಡ ಮೂಗು' ಅಂತ ಬೈದ್ಲು."

ಅಂಬರೀಶ ಕೊನೆಯ ಅಸ್ತ್ರ ಬಿಟ್ಟ. "ನೇಮ ಭಾಳ ಕಠಿಣ ಅದರಿ ಸಾರ್. ಊರು ಬಿಟ್ಟಾಗಿಂದ ಗುಡಿ ಮುಟ್ಟೋತನಕ ಗಂಡ-ಹೆಂಡ್ತಿ ಒಂದು ಮಾತೂ ಆಡಂಗಿಲ್ಲ."

ಹನುಮಂತರಾಯರು ಕುರ್ಚಿಯಿಂದ ಮೆಲ್ಲಗೆ ಎದ್ದರು. "ಇಬ್ಬರೂ?"

"ಇಬ್ಬರೂ."

"ಅಕೀನೂ?"

"ಅವರೂ ರೀ."

"ದಾರಿಪೂರ್ತಿ?"

"ದಾರಿಪೂರ್ತಿ ರೀ."

ರಾಯರು ಕಣ್ಣು ಮುಚ್ಚಿ ಕೈ ಮುಗಿದರು. "ತಾಯೀ, ಇಷ್ಟು ವರ್ಷ ಎಲ್ಲಿದ್ದೀಯವ್ವಾ!" ಆಮೇಲೆ ಕಣ್ಣು ತೆರೆದು, ಬಹಳ ಪ್ರೀತಿಯಿಂದ ಹೇಳಿದರು: "ನಾ ಹೋಗಬೇಕಂದ್ರ ಆಫೀಸಿನಾಗ ಜವಾಬ್ದಾರಿ ಮನುಷ್ಯಾ ಒಬ್ಬನರ ಇರಬೇಕಲ್ಲೋ. ನಿನ್ನ ರಜಾ ಕ್ಯಾನ್ಸಲ್ ಮಾಡೀನಿ. ದೇವಿಗಿ ನಿನ್ನ ಹೆಸರಿಲೆ ಒಂದು ಕಾಯಿ ಒಡಸ್ತೀನಿ, ಚಿಂತಿ ಮಾಡಬ್ಯಾಡ."

ಇಲ್ಲದ ದೇವಿಗೆ ತನ್ನ ಹೆಸರಿನ ಕಾಯಿ! ಅಂಬರೀಶ ಮಧ್ಯಾಹ್ನದ ಡಬ್ಬಿ ಬಿಚ್ಚದೆ ಕೂತ. ಸುಳ್ಳೆಂದು ಒಪ್ಪಿಕೊಳ್ಳೋಣವೆಂದರೆ ರಾಯರು ಬಾಗಿಲ ಹೊರಗೆ, ಬಂದ ಜನರಿಗೆಲ್ಲ ಮೌನ ನೇಮದ ಮಹಿಮೆ ವಿವರಿಸುತ್ತಿದ್ದರು. ಗಂಡಸರು ಬಾಯಿ ತೆರೆದು ಕೇಳುತ್ತಿದ್ದರು.

ಸಂಜೆ ಮನೆಗೆ ಬಂದರೆ ಓಣಿಯ ಬಾಯಲ್ಲಿ ಬಡೇಬೀಯ ಮಗ ಅರ್ಬಾಜ್‌ನ ಕ್ರೂಸರ್ ಜೀಪು ನಿಂತಿತ್ತು. ಮೇಲೆ ಗಂಟು, ಹಾಸಿಗೆ, ಗರಿಗರಿ ಕಟಕ ರೊಟ್ಟಿಯ ಡಬ್ಬಿಗಳು. ರಾಯರ ಮಡಿಯಡುಗೆಯ ಸೀಮೆಎಣ್ಣೆ ಸ್ಟೋವು ಎಲ್ಲಕ್ಕಿಂತ ಎತ್ತರದಲ್ಲಿ, ಯಾವ ಮೀನಿನ ಕೈಗೂ ಸಿಗದಂತೆ ಕೂತಿತ್ತು. ಕಿರಾಣಿ ಅಂಗಡಿಯವನು ಹೆಂಡತಿಯ ಪಕ್ಕ ಆಗಲೇ ತುಟಿ ಹೊಲಿದುಕೊಂಡವನಂತೆ ಕೂತು ನಗುತ್ತಿದ್ದ. ಅರ್ಬಾಜ್‌ನ ಹೆಂಡತಿ ಗುಲ್ಫಶಾ ಮುಂದಿನ ಸೀಟಿನಲ್ಲಿ ಕನ್ನಡಿ ನೋಡಿಕೊಳ್ಳುತ್ತಿದ್ದಳು.

"ನೀನೂ ಹೊಂಟೇನೋ?" ಎಂದ ಅಂಬರೀಶ, ಅಳುವ ದನಿಯಲ್ಲಿ.

"ದೇವಿ ನಿಮ್ಮಾಕಿ ಇರಬಹುದು ಭಾಯ್, ಸಮುಂದರ್ ಎಲ್ಲಾರ್ದು," ಎಂದ ಅರ್ಬಾಜ್. "ನಿಮ್ಮ ರಜಾ ಹೋತಂತಲ್ಲ, ಆದ್ರೂ ರೂಮು ಖಾಲಿ ಬೀಳಲಿಲ್ಲ ನೋಡ್ರಿ. ಅದೊಂದು ಚಲೋ ಆತು."

"ಖಾಲಿ ಬೀಳಲಿಲ್ಲ? ಯಾರು ಹೊಂಟಾರ?"

ಮನೆಯೊಳಗಿಂದ ಬಸ್ಸಮ್ಮ ಬಂದಳು. ಗೂಟದ ಮೇಲಿನ ಸೀರೆ ಈಗ ಅವಳ ಮೈಮೇಲಿತ್ತು. ಹಿಂದೆ ಹಂಪಯ್ಯ ಹೊಸ ಟವೆಲು ಹೊದ್ದು, ಮದುವೆಗಂಡಿನಂತೆ ನಾಚುತ್ತ ಬಂದ. ಹತ್ತುವ ಮೊದಲು ಬಸ್ಸಮ್ಮ ಮಗನನ್ನು ಜೀಪಿನ ಹಿಂಬದಿಗೆ ಎಳೆದಳು.

"ಲೇ, ದುರ್ಗಾನ ಫೋನಿಲೆ ಆ ರೂಮಿನಾಕಿ ಕೂಡ ನಾನೇ ಮಾತಾಡೀನಿ. ಗುಡಿ ಎಷ್ಟು ದೂರ ಅಂತ ಕೇಳಿದೆ. 'ಗುಡಿ ಎಲ್ಲಿಯದ್ದು ಮಾರಾಯ್ತಿ, ಇಲ್ಲಿ ಬರೀ ನೀರು' ಅಂದ್ಲು."

ಅಂಬರೀಶನ ಮುಖ ಹಸಿ ಸುಣ್ಣವಾಯಿತು. "ಯವ್ವಾ, ಮತ್ತ ಇವರಿಗೆಲ್ಲಾ..."

"ಯಾರಿಗೂ ಹೇಳಿಲ್ಲ. ಹೇಳಿದ್ರ ನಿಮ್ಮಪ್ಪ ಬರ್ತಾನೇನು? ನೀರು ನೋಡಾಕ ಬಾ ಅಂದ್ರ ಕಾಲುವಿ ತೋರಸ್ತಾನ. ದೇವಿ ಅಂದಿದ್ದಕ್ಕ ಟವಲ್ ಹೊತ್ಕೊಂಡು ಬಂದಾನ." ಬಸ್ಸಮ್ಮ ಸೆರಗು ಸರಿಪಡಿಸಿಕೊಂಡಳು. "ನಾನೂ ಹುಟ್ಟಿದಾಗಿಂದ ಸಮುದ್ರ ನೋಡಿಲ್ಲಲೇ. ಉಳದವರನ್ನ ನಾ ನೋಡ್ಕೋತೀನಿ. ನೀರಿಗೇ ಕೈ ಮುಗಸ್ತೀನಿ. ಅಷ್ಟು ನೀರು ದೇವಿ ಅಲ್ದ ಮತ್ತೇನು?"

ಅವಳು ಜೀಪು ಹತ್ತಿ, ಗಂಡನ ಪಕ್ಕೆಗೆ ಮೊಣಕೈ ತಿವಿದಳು. "ಸರೀರಿ ಅತ್ತಾಗ. ಕಿಟಕಿ ಕಡಿ ನಾ ಕೂಡ್ತೀನಿ."

ಯಾಪಲದಿನ್ನಿಯ ಹೋಳಿಗೆಯ ನಂತರ ಅವಳು ಗಂಡನಿಗೆ ಆಡಿದ ಮೊದಲ ನೇರ ಮಾತು ಅದು. ಹಂಪಯ್ಯ ಉತ್ತರ ಕೊಡಲು ಬಾಯಿ ತೆರೆದ. ನೇಮ ನೆನಪಾಗಿ ಮುಚ್ಚಿಕೊಂಡು, ಸರಿದು ಕೂತ. ಹಿಂದಿನ ಸೀಟಿನಲ್ಲಿ ಅಹಲ್ಯಾಬಾಯಿ ಏನೋ ಹೇಳಲು ಹೊರಟರೆ ರಾಯರು ತುಟಿಯ ಮೇಲೆ ಬೆರಳಿಟ್ಟು ಸ್ವರ್ಗಸುಖದಿಂದ ತಲೆಯಾಡಿಸಿದರು. ಜೀಪು ಧೂಳೆಬ್ಬಿಸಿ ಹೊರಟಿತು.

ಅಂಬರೀಶ ಓಣಿಯಲ್ಲಿ ನಿಂತೇ ಇದ್ದ. ಹೋಯಿತು ಸಮುದ್ರ, ಹೋಯಿತು ಕಿಟಕಿ. ಆಮೇಲೆ ಇದ್ದಕ್ಕಿದ್ದಂತೆ ಒಂದು ಯೋಚನೆ ಹೊಳೆದು ಬೆನ್ನು ನೆಟ್ಟಗಾಯಿತು. ಮನೆಯಲ್ಲಿ ಈಗ ಯಾರಿದ್ದಾರೆ? ಆಚೆ ಕೋಣೆ ಖಾಲಿ! "ಏನಂದಿ?" ಎನ್ನುವವರು ಕರಿಬಂಡೆಯ ದಾರಿಯಲ್ಲಿದ್ದಾರೆ. ಹಗಲು ಆಫೀಸಾದರೇನು, ಎರಡು ಸಂಜೆ ಪೂರಾ ತಮ್ಮದೇ. ಸಮುದ್ರ ಯಾರಿಗೆ ಬೇಕು?

ಮೂಲೆಯ ಅಂಗಡಿಗೆ ಓಡಿ ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡ. ಹೂ ಮಾರುವವಳಿಂದ ಒಂದು ಮೊಳ ಮಲ್ಲಿಗೆ. ಬಾಗಿಲು ಹಾಕಿ, ಅಗಳಿಯಿಟ್ಟು, ಬಕೆಟ್ಟಿನಲ್ಲಿ ನೀರು ತುಂಬಿ ದುರ್ಗಾಳ ಮುಂದೆ ತಂದಿಟ್ಟ.

"ಇದೇನ್ರಿ?"

"ಸಮುದ್ರ. ಕಾಲು ಇಳಿಬಿಡು."

ದುರ್ಗಾ ನಗುತ್ತ ಪಾದ ಎತ್ತಿದಳು. ಅಂಬರೀಶ ಹೂವಿನ ಪೊಟ್ಟಣ ಬಿಚ್ಚಿದ. ಬಾಗಿಲು ಬಡಿದ ಸದ್ದಾಯಿತು.

ತೆರೆದರೆ ಬಡೇಬೀ. ಒಂದು ಕೈಯಲ್ಲಿ ಆಡಿನ ಹಗ್ಗ, ಇನ್ನೊಂದು ಕೈಯಲ್ಲಿ ಅರ್ಬಾಜ್‌ನ ಮಗು. ಹಿಂದೆ ಚಾಪೆ, ದಿಂಬು, ಪಾಟಿಚೀಲ ಹಿಡಿದ ಕಿರಾಣಿ ಅಂಗಡಿಯವನ ಮಕ್ಕಳು. ಎಲ್ಲರ ಹಿಂದೆ, ಹಾರ್ಮೋನಿಯಮ್ಮಿನ ಪೆಟ್ಟಿಗೆ ಅಪ್ಪಿಕೊಂಡು ರಾಯರ ಮಗಳು ವೇದಶ್ರೀ.

"ಮೂರನೇದವರು ಬರಂಗಿಲ್ಲ ಅಂತ ನೇಮ ಮಾಡಿದಾವ ನೀನೇ ಅಲ್ಲೇನಪ್ಪಾ?" ಎಂದಳು ಬಡೇಬೀ, ಮಗುವನ್ನು ಅವನ ಕೈಗೆ ದಾಟಿಸುತ್ತ. "ಮತ್ತ ಮಕ್ಕಳು ಎಲ್ಲಿಗಿ ಹೋಗಬೇಕು? ನನ್ನೊಬ್ಬಾಕಿ ಕೈಲೆ ಆಗಂಗಿಲ್ಲ. ನಾನೇ ಎಲ್ಲಾರಿಗೂ ಹೇಳೀನಿ, ಅಂಬರೀಶನ ಮನಿ ಖಾಲಿ ಅದ, ಬಿಟ್ಟು ಹೋಗ್ರಿ ಅಂತ. ಆಡು ಸಂಜಿಮುಂದ ಸ್ವಲ್ಪ ಒದರ್ತದ, ಸೊಪ್ಪು ಹಾಕ್ರಿ."

"ಅಂಕಲ್," ಎಂದಳು ವೇದಶ್ರೀ, "ಅಪ್ಪ ಹೇಳ್ಯಾರ, ಪ್ರಾಕ್ಟೀಸ್ ತಪ್ಪಿಸಬಾರದಂತ. ಎಲ್ಲಿ ಕೂಡ್ಲಿ?"

ಮಕ್ಕಳು ಅಲೆಯಂತೆ ಒಳನುಗ್ಗಿದರು. ಒಬ್ಬ ಬಜ್ಜಿ ಹಿಡಿದ, ಇನ್ನೊಬ್ಬ ಬಕೆಟ್ಟಿನೊಳಗೇ ಇಳಿದ. ಮಲ್ಲಿಗೆಯನ್ನು ಆಡು ನೋಡಿಕೊಂಡಿತು. ಅಂಬರೀಶ ಮಗುವನ್ನೆತ್ತಿಕೊಂಡು ಹೆಂಡತಿಯ ಕಡೆ ತಿರುಗಿದ.

ದುರ್ಗಾ ಒದ್ದೆ ಪಾದ ಒರೆಸಿಕೊಂಡು, ಸೆರಗು ಸಿಕ್ಕಿಸಿ, ಜೋಳದ ಹಿಟ್ಟಿನ ಡಬ್ಬಿ ಇಳಿಸುತ್ತಿದ್ದಳು.

"ಏನು ನಿಂತೀರಿ?" ಎಂದಳು. "ಜೋಡಿಯಾಗಿ ಮಾಡಬೇಕಂತ ನೇಮ ಅದ ಅಲ್ಲೇನ್ರಿ? ಬರ್ರಿ, ನಾ ರೊಟ್ಟಿ ಬಡೀತೀನಿ, ನೀವು ಬೇಯಸ್ರಿ."