ಬಿಸ್ಕತ್ತು ತಿಂದವರು ಗಂಡೋ ಹೆಣ್ಣೋ ಎಂದು ಕೇಳಿದರು

ನನಗೆ ಸ್ವಲ್ಪ ಜಂಬ ಹೆಚ್ಚು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು; ನನ್ನ ಹೆಂಡತಿ ಜಲಜ ಹೇಳಿದರೆ ‘ಸ್ವಲ್ಪ’ ಎಂಬ ಮಾತು ಬಿಟ್ಟುಹೋಗುತ್ತದೆ. ಆದರೆ ಜಂಬಪಡಲಿಕ್ಕೂ ಏನಾದರೊಂದು ಬೇಕಲ್ಲ! ನಮ್ಮ ಬ್ರಹ್ಮಾವರದ ಕಡೆ ಒಬ್ಬನಿಗೆ ಎರಡು ಬೆಳೆಯ ಗದ್ದೆ, ಇನ್ನೊಬ್ಬನಿಗೆ ಮುಂಬೈಯಲ್ಲಿ ಹೋಟೆಲು, ಮತ್ತೊಬ್ಬನಿಗೆ ಕಂಬಳದಲ್ಲಿ ಗೆದ್ದ ಕೋಣ. ಪ್ರಾಥಮಿಕ ಶಾಲೆಯ ಮಾಸ್ತರನಾದ ನನಗಿದ್ದದ್ದು ಒಂದು ಕೊಡೆ, ಒಂದು ಕೈಗಡಿಯಾರ. ಗಡಿಯಾರವನ್ನೂ ದಿನಾ ಶಾಲೆಯ ಗಂಟೆ ಕೇಳಿ ಸರಿಮಾಡಿಕೊಳ್ಳಬೇಕಿತ್ತು. ಅಂಥ ನಾನು ಬಿಸ್ಕತ್ತು ಮಾಡಿದೆ. ಅದೂ ಮನೆಯಲ್ಲಿ, ಅದೂ ಮೆತ್ತನೆಯ ಮಸಾಲೆ ಬಿಸ್ಕತ್ತು! ಆಗೆಲ್ಲ ನಮ್ಮೂರಿನಲ್ಲಿ ಬಿಸ್ಕತ್ತು ಎಂದರೆ ಹೋಟೆಲಿನ ಗಾಜಿನ ಭರಣಿಯಲ್ಲಿ ಕೂತಿರುವ, ಚಾಕ್ಕೆ ಅದ್ದದೆ ಕಚ್ಚಿದರೆ ಹಲ್ಲಿಗೇ ಅಪಾಯ ತರುವ ವಸ್ತು.

ವಿದ್ಯೆ ಬಂದದ್ದು ನನ್ನ ತಮ್ಮನಿಂದ. ಮುಂಬೈಯ ಒಂದು ಬೇಕರಿಯಲ್ಲಿ ದುಡಿಯುತ್ತಿದ್ದ ಅವನು ರಜೆಗೆ ಬರುವಾಗ ಒಂದು ಪೊಟ್ಟಣ ತಂದಿದ್ದ. ಬಾಯಿಗಿಟ್ಟರೆ ಕರಗುವ ಮೆತ್ತನೆಯ ಬಿಸ್ಕತ್ತು, ಮೂಗಿನ ತನಕ ಮಸಾಲೆಯ ಘಮ. “ಇದನ್ನು ನಾನೂ ಮಾಡುತ್ತೇನೆ” ಎಂದೆ. ಅವನು ನಕ್ಕು, “ಅಣ್ಣಯ್ಯ, ನಮ್ದ್ ದೊಡ್ಡ ಭಟ್ಟಿ. ನಿನ್ನ ಒಲಿಯಂಗೆ ಇದೆಲ್ಲ ಆಪುದಲ್ಲ” ಎಂದ. ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಸಾಕು, ನನಗೆ ಮೈಮೇಲೆ ಬಂದಂತಾಗುತ್ತದೆ. ದಸರಾ ರಜೆ ಸಿಕ್ಕಿದ್ದೇ ತಡ, ಹಳೆಯ ಕಂಚಿನ ಪಾತ್ರೆಗೆ ಮರಳು ಹಾಕಿ, ಅದರ ಮೇಲೆ ತಟ್ಟೆಯಿಟ್ಟು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಸುರಿದು ನನ್ನದೇ ಭಟ್ಟಿ ಕಟ್ಟಿದೆ. ತಮ್ಮ ಹೇಳಿದ ಮಸಾಲೆಗಳಲ್ಲಿ ಅರ್ಧದ ಹೆಸರನ್ನು ನಮ್ಮ ಪೇಟೆಯ ಜಿನಸಿನ ಅಂಗಡಿಯವನು ಕೇಳಿಯೇ ಇರಲಿಲ್ಲ. ಅದಕ್ಕೇನಂತೆ, ನನಗೆ ತಲೆಯಿಲ್ಲವೇ? ಸಕ್ಕರೆಯ ಬದಲು ಓಲೆಬೆಲ್ಲ ಕರಗಿಸಿದೆ. ಮನೆಯಲ್ಲಿದ್ದ ಒಣಶುಂಠಿ, ಕಾಳುಮೆಣಸು, ಲವಂಗ, ಒಂದು ಚಿಟಿಕೆ ಓಮ ಎಲ್ಲ ಕುಟ್ಟಿ ಮೈದಾಕ್ಕೆ ಸೇರಿಸಿದೆ. ತುಪ್ಪಕ್ಕೆ ಕೈ ಹಿಡಿಯಲಿಲ್ಲ.

ಮೊದಲ ಸಲ ಮಾಡಿದ್ದು ಇದ್ದಿಲಾಯಿತು. ಎರಡನೆಯದನ್ನು ತಟ್ಟೆಯಿಂದ ಬಿಡಿಸಲು ತೆಂಗಿನಕಾಯಿ ಒಡೆಯುವ ಕತ್ತಿಯೇ ಬೇಕಾಯಿತು. ಮೂರನೆಯ ಸಲ, ಸ್ವಾಮಿ, ನೀವು ನೋಡಬೇಕಿತ್ತು! ಕಂದು ಬಣ್ಣ, ಉಬ್ಬಿದ ಕೆನ್ನೆ, ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರುವ ಮೈ. ಜಲಜ ಒಂದನ್ನು ಮೂಸಿದಳು, ತಿಂದಳು, “ಅಡ್ಡಿಲ್ಲೆ” ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದಿಲ್ಲ. ಆದರೆ ನನ್ನ ಮುಖ ಅರಳಿದ್ದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. “ಹ್ವಾಯ್, ತಿಂದವ್ರಂಗೆ ಯಾರಾರೂ ಒಬ್ರ್ ಬಾಯ್ಬಿಟ್ಟ್ ‘ಇನ್ನೊಂದ್ ಕೊಡಿ’ ಅಂತ ಕೇಂಡ್ರೆ, ಈ ಅಡ್ಗಿ ಕೋಣಿ ಪೂರಾ ನಿಮ್ಗೇ ಬಿಟ್ಟ್ ಕೊಡ್ತೆ. ಕೇಣದಿರೆ, ಇನ್ನ್ ಮೇಲೆ ನೀವ್ ಇದ್ರ ಹೊಸ್ಲ್ ದಾಟುಕಾಗ” ಎಂದಳು. ಒಬ್ಬರಾದರೂ ಕೇಳಿದರೆ ಅಡಿಗೆಮನೆ ನನ್ನದು, ಕೇಳದಿದ್ದರೆ ಅದರ ಹೊಸಿಲೂ ನನಗಿಲ್ಲ. ಒಪ್ಪಿದೆ. ಒಬ್ಬರಲ್ಲ, ಊರಿಗೆ ಊರೇ ಕೇಳುತ್ತದೆ ಎಂಬ ಧೈರ್ಯ.

ಅದೇ ಮಧ್ಯಾಹ್ನ ನೆರೆಮನೆಯ ಸೀತಕ್ಕ ವಾಸನೆ ಹಿಡಿದೇ ಬಂದರು. ಬಿಸ್ಕತ್ತು ಬಾಯಿಗೆ ಹಾಕಿಕೊಂಡು, ಜಲಜಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ದನಿ ತಗ್ಗಿಸಿ, “ಎಂತ ಮಾರಾಯ್ತಿ, ಯಾರ್ ಹೆತ್ತದ್ದ್? ಗಂಡಾ ಹೆಣ್ಣಾ?” ಎಂದರು. ನಮ್ಮ ಇಬ್ಬರು ಗಂಡುಮಕ್ಕಳೂ ಉಡುಪಿಯ ಹಾಸ್ಟೆಲಿನಲ್ಲಿ ಓದುತ್ತಿದ್ದರು. ಮನೆಯಲ್ಲಿದ್ದ ಹೆಂಗಸು ಜಲಜ ಒಬ್ಬಳೇ, ಅವಳಿಗೋ ನಲವತ್ತು ದಾಟಿತ್ತು. ಆಗ ನನಗೆ ಹೊಳೆಯಿತು. ಓಲೆಬೆಲ್ಲ, ಶುಂಠಿ, ಮೆಣಸು, ಓಮ, ತುಪ್ಪ! ನಮ್ಮ ಕಡೆ ಹೆತ್ತ ಹೆಂಗಸಿಗೆ ಬೆಳಗ್ಗೆ ಬರಿಹೊಟ್ಟೆಗೆ ತಿನ್ನಿಸುವ ಬಾಣಂತಿ ಮದ್ದಿಗೆ ಹಾಕುವುದೂ ಇದನ್ನೇ. ನಾನು ಮೂರು ದಿನ ಕೂತು ಆ ಮದ್ದನ್ನು ದುಂಡಗೆ ತಟ್ಟಿ ಬೇಯಿಸಿದ್ದೆ. ಶಾಲೆ ತೆರೆದ ದಿನ ಹೆಡ್‌ಮಾಸ್ತರರಿಗೆ ಕೊಟ್ಟೆ. ಅವರು ಕಣ್ಣುಮುಚ್ಚಿ ನುಂಗಿ, ಬಿಸಿನೀರು ಕುಡಿದು, “ಮಾಷ್ಟ್ರೇ, ಇದ್ಕೆ ಪಥ್ಯ ಎಂತಾರೂ ಇತ್ತಾ?” ಎಂದು ಕೇಳಿದರು. ಮದ್ದನ್ನು ಎರಡನೆಯ ಸಲ ಬೇಡುವವರು ಯಾರು? ಜಲಜಳಿಗೆ ಇದು ಮೂಸಿದ ಕ್ಷಣವೇ ಗೊತ್ತಾಗಿತ್ತು. ಪಂಥ ಕಟ್ಟಿದ್ದೂ ಅದಕ್ಕೇ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಂದು ವಾರ ಬಿಸ್ಕತ್ತಿನ ಡಬ್ಬಿಯನ್ನು ಕಣ್ಣೆತ್ತಿ ನೋಡಲಿಲ್ಲ.

ಶನಿವಾರ ಹಂಗಾರಕಟ್ಟೆಯಿಂದ ಮೀನು ತರುವ ಗಿರಿಜ ಬುಟ್ಟಿ ಇಳಿಸಿ ಕೂತಳು. ಅವಳ ಮಗಳು ಹೆತ್ತು ಹನ್ನೆರಡು ದಿನವಾಗಿತ್ತಂತೆ, ಮದ್ದು ಬಾಯಿಗಿಟ್ಟರೆ ಉಗಿಯುತ್ತಾಳಂತೆ. ಹೇಗೂ ಮದ್ದೆಂದು ಹೆಸರಾಗಿದೆಯಲ್ಲ ಎಂಬ ಬೇಸರದಲ್ಲೇ ಒಂದು ಬಿಸ್ಕತ್ತನ್ನು ಎಲೆಯಲ್ಲಿ ಸುತ್ತಿ ಕೊಟ್ಟೆ. ಭಾನುವಾರ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬೇಲಿಯ ದಣಪೆಯ ಹೊರಗಿನಿಂದಲೇ ಅವಳ ಕೂಗು ಕೇಳಿತು: “ಹ್ವಾಯ್ ಮಾಷ್ಟ್ರೇ! ನಿಮ್ ಬಿಸ್ಕುಟ್ ತಿಂದ್ ಹೆಣ್ ಬೆರಳ್ ನೆಕ್ತ್ ಮಾರಾಯ್ರೆ! ಇನ್ನೊಂದ್ ಕೊಡಿ ಕಾಂಬ!”

ಇನ್ನೊಂದು ಕೊಡಿ! ಬಾಯಿಬಿಟ್ಟು, ಕೇರಿಗೆಲ್ಲ ಕೇಳುವ ಹಾಗೆ! ನಾನು ಬಾಯಿ ಮುಕ್ಕಳಿಸದೆ ಒಳಗೆ ಓಡಿ, “ಕೇಳಿಸಿತಾ?” ಎಂದು ಜಲಜಳ ಮುಂದೆ ಎದೆಯುಬ್ಬಿಸಿ ನಿಂತೆ. “ಕೇಣ್ತ್” ಎಂದಳು. ಡಬ್ಬಿಯಲ್ಲಿ ಎರಡನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನೆಲ್ಲ ಗಿರಿಜಳ ಸೆರಗಿಗೆ ಸುರಿದೆ. ಅವಳು ಸಂತೋಷದಿಂದ ಎಂಟು ಬಂಗುಡೆ ಇಟ್ಟುಹೋದಳು.

ಜಲಜ ಒಲೆಯ ಮುಂದಿನಿಂದ ಎದ್ದು, ಕೈ ಒರೆಸಿಕೊಂಡು, ಉಳಿದ ಎರಡರಲ್ಲಿ ಒಂದು ಬಿಸ್ಕತ್ತು ಎತ್ತಿಕೊಂಡು, ಹೊರಗೆ ಜಗಲಿಯಲ್ಲಿ ಕಾಲು ಚಾಚಿ ಕೂತಳು. “ಮಾತ್ ಅಂದ್ರೆ ಮಾತ್. ಅಡ್ಗಿ ಕೋಣಿ ಪೂರಾ ನಿಮ್ದೇ. ಅಕ್ಕಿ ತೊಳ್ದ್ ಇಟ್ಟಿದೆ. ಮೀನ್ ಮಾತ್ರ ಬಿಸ್ಲ್ ಏರುದ್ರೊಳ್ಗ್ ಕೊಯ್ನಿ” ಎಂದಳು.

ಗೆದ್ದವನು ನಾನು, ಅದರಲ್ಲಿ ಅನುಮಾನವಿಲ್ಲ. ಗೆದ್ದವನು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅನ್ನಕ್ಕಿಟ್ಟು, ಮೆಟ್ಟುಕತ್ತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಐದನೆಯ ಬಂಗುಡೆಯ ಹೊಟ್ಟೆ ಬಗೆಯುತ್ತಿದ್ದಾಗ ಜಗಲಿಯಿಂದ ದನಿ ಬಂತು: “ಹ್ವಾಯ್, ಇನ್ನೊಂದ್ ಇತ್ತಾ?”

ಕೈ ತೊಳೆಯುವುದನ್ನೂ ಮರೆತು ಡಬ್ಬಿಗೆ ಕೈಹಾಕಿ ಓಡಿದೆ. ಆ ಬಿಸ್ಕತ್ತು ಬಂಗುಡೆ ನಾರುತ್ತಿತ್ತೆಂದು ಅವಳು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ, ಕೇಳಿದ್ದು ಅವಳೇ ತಾನೆ? ಅದಾದ ಮೇಲೆ ಮತ್ತೊಂದನ್ನು ಮಾತ್ರ ಈವರೆಗೂ ಕೇಳಿಲ್ಲ.