ಒಂದು ಸ್ಟಾರ್ ಕೊಟ್ಟ ಮೈದುನ

ಕೂ... ಕುಕ್, ಕುಕ್. ಉದ್ದ ಒಂದು, ಗಿಡ್ಡ ಎರಡು. ಹಕ್ಕಿ ಅಂದುಕೊಂಡಿರಾ? ಅಲ್ಲ, ಕಂಪ್ಯೂಟರು! ನಮ್ಮ ಮೈದುನನ ಗೇಮಿಂಗ್ ಕಂಪ್ಯೂಟರ್ ಕೆಟ್ಟು ಕೂತಾಗ, ಸ್ವಿಚ್ ಒತ್ತಿದರೆ ಸಾಕು, ಹೀಗೆ ಕೂಗಿಕೊಳ್ಳುತ್ತಿತ್ತು. ಪರದೆ ಮಾತ್ರ ಕಪ್ಪು. ಈಗಲೂ ಆ ಸದ್ದು ನೆನಪಾದರೆ ನನ್ನ ಬ್ಲಡ್ ಪ್ರೆಶರ್ ಏರುತ್ತದೆ.

ಮೈದುನ ಅಂದರೆ ನನ್ನ ಯಜಮಾನರ ತಮ್ಮ. ವಯಸ್ಸು ಅರವತ್ತೆಂಟು. ಹೆತ್ತೂರಿನಾಚೆ ಗುಡ್ಡದ ನೆತ್ತಿಯ ಮೇಲೆ ಕಾಫಿ ತೋಟ, ಶೀಟಿನ ಮನೆ. ಈ ಮನುಷ್ಯನಿಗೆ ದೇವರೇ ಪ್ರತ್ಯಕ್ಷನಾಗಿದ್ದರೂ ಮೂರೇ ಸ್ಟಾರ್ ಕೊಟ್ಟು, ‘ದರ್ಶನ ಓಕೆ, ಡೆಲಿವರಿ ಲೇಟು’ ಅಂತ ಬರೆಯುತ್ತಿದ್ದ! ಕೊಂಡದ್ದಕ್ಕೆಲ್ಲ ಇಂಟರ್ನೆಟ್ಟಿನಲ್ಲಿ ಕನ್ನಡದಲ್ಲೇ ಅಭಿಪ್ರಾಯ ಬರೆಯದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಆಲೂರಿನ ನಮ್ಮ ಮನೆಯಿಂದ ನಾನು ಕಟ್ಟಿಕೊಂಡು ಹೋದ ಅಕ್ಕಿರೊಟ್ಟಿಗೂ ಎರಡೂವರೆ ಸ್ಟಾರ್. “ಪ್ಯಾಕಿಂಗ್ ಚೆನ್ನಾಗೈತೆ ಅತ್ತಿಗೆ. ಒಳಗಿನ ಮಾಲು ಒಣಗ್ಬುಟ್ಟೈತೆ.”

ಆ ವಯಸ್ಸಿಗೆ ಗೇಮಿಂಗ್ ಯಾಕೆ ಅಂತೀರಾ? ಶುಗರ್‌ನಿಂದ ಪಾದಗಳು ಜೋಮು ಹಿಡಿದಿದ್ದವು. ಜೀಪು ಮುಟ್ಟಕೂಡದು ಅಂದರು ಡಾಕ್ಟರ್. ಇವನು ಕಂಪ್ಯೂಟರಿನಲ್ಲಿ ಲಾರಿ ಹತ್ತಿದ! ಜರ್ಮನಿಯೋ ಪೋಲೆಂಡೋ, ಹಾಲಿನ ಕೆನೆಯಂಥ ರಸ್ತೆ. ಇವನದು ಮಾತ್ರ ಪ್ರತಿ ತಿರುವಿಗೂ ದೋಣಿಗಲ್ ಘಾಟಿಯ ಹಾರನ್. ಹಾರನ್ನಿನ ಕೀ ಎರಡು ಸಲ ಕಿತ್ತುಬಂತು. ಆಯುಧಪೂಜೆಯ ದಿನ ಮೌಸಿಗೂ ಕುಂಕುಮ.

ಈ ಸಂಭ್ರಮಕ್ಕೆಲ್ಲ ಆಧಾರ ಮದರ್‌ಬೋರ್ಡ್. ಪೆಟ್ಟಿಗೆಯೊಳಗೆ ಕೂತು ಉಳಿದ ಭಾಗಗಳನ್ನೆಲ್ಲ ಮಡಿಲಲ್ಲಿ ಇಟ್ಟುಕೊಳ್ಳುವ ಹಲಗೆ ಅದು. ಹೊಸದನ್ನು ತರಿಸುವ ಮುಂಚೆ, ಕೊಂಡವರು ಬರೆದದ್ದನ್ನೆಲ್ಲ ನನ್ನಿಂದ ಓದಿಸಿ, ಒಬ್ಬೊಬ್ಬರಿಗೂ ಮಂಗಳಾರತಿ ಮಾಡಿದ. ‘ಬಾಕ್ಸ್ ಇನ್ನೂ ಓಪನ್ ಮಾಡಿಲ್ಲ. ಸೂಪರ್. ಐದು ಸ್ಟಾರ್’ ಅಂತ ಒಬ್ಬ ಬರೆದಿದ್ದ. “ಹೆಣ್ಣು ನೋಡ್ದೆ ತಾಳಿ ಕಟ್ಟೋನು ಕಣ್ರೀ ಇವ್ನು!” ಕಡೆಗೆ ಬೋರ್ಡು ಬಂತು. ಅದರ ತುಂಬ ಬಣ್ಣದ ಲೈಟು! “ಪೆಟ್ಟಿಗೆ ಒಳಗೆ ಯಾರ್ ಮದ್ವೆ ಅಂತ ಈ ಸೀರಿಯಲ್ ಸೆಟ್ಟು?” ಎಂದು ಕರಿ ಟೇಪು ಅಂಟಿಸಿದ.

ನಾಲ್ಕೇ ತಿಂಗಳು. ಆಮೇಲೆ ಆ ಕೂ, ಕುಕ್, ಕುಕ್. ಬೋರ್ಡನ್ನು ಸರ್ವಿಸ್ ಸೆಂಟರಿಗೆ ಕಳಿಸಿದ. ಕಳಿಸಿದ ಹಾಗೇ ವಾಪಸ್ ಬಂತು, ಜೊತೆಗೊಂದು ಇಂಗ್ಲಿಷ್ ಚೀಟಿ. ಓದಿ ಹೇಳಿ ಅಂದ. ಓದಿದೆ: ‘ಲಿಕ್ವಿಡ್ ಡ್ಯಾಮೇಜ್. ಗ್ರಾಹಕರು ನೀರು ಸುರಿದಿದ್ದಾರೆ. ವಾರಂಟಿ ಅನ್ವಯಿಸುವುದಿಲ್ಲ.’

ಅವನ ಮುಖ ಕೆಂಪಗಾಯಿತು. “ಬೋರ್ಡ್ ಹೋದ್ರೆ ಹಾಳಾಗ್ ಹೋಗ್ಲಿ ಅತ್ತಿಗೆ. ನೀರು ಬಿದ್ದೈತಾ ಅಂತ ಫಾರಮ್ಮಿನಾಗೆ ಕೇಳಿದ್ರು, ಇಲ್ಲ ಅಂತ ಬರ್ದು ಕಳ್ಸಿದ್ದೆ. ನನ್ನ ಸುಳ್ಳ ಅಂದ್ಬುಟ್ರಲ್ಲ!”

ಅವನಿಗೆ ಹೊಸ ಬೋರ್ಡು ಬೇಡವಾಗಿತ್ತು. ಆ ಒಂದು ಸಾಲನ್ನು ಅವರು ಹೊಡೆದುಹಾಕಬೇಕಿತ್ತು, ಅಷ್ಟೇ. ಕಂಪನಿಗೆ ಫೋನ್ ಮಾಡಿದೆವು. ಜೇನು ಸುರಿಯುವ ದನಿಯಲ್ಲಿ ಒಂದು ಹುಡುಗಿ, “ಸರ್, ನಿಮ್ಮ ಫೀಲಿಂಗ್ಸ್ ನಮಗೆ ಅರ್ಥ ಆಗುತ್ತೆ” ಅಂದಳು.

“ಫೀಲಿಂಗ್ಸ್ ಬುಡವ್ವ, ನಾನು ಹೇಳೋ ಮಾತು ಅರ್ಥ ಮಾಡ್ಕೊ!”

ಫೋನ್ ಕಟ್. ಅವಳು ಕಟ್ ಮಾಡಿದಳೋ, ನಮ್ಮ ಗುಡ್ಡದ ಟವರೋ, ಗೊತ್ತಿಲ್ಲ. ನನಗೂ ಮೈಯೆಲ್ಲ ಉರಿಯಿತು. ಸರಿ, ಅಭಿಪ್ರಾಯ ಬರೆದು ಇವರ ಮಾನ ಕಳೆಯೋಣ ಎಂದು ಕೂತೆವು. ಅವನು ಹೇಳಬೇಕು, ಕಂಪನಿಯವರಿಗೆ ತಿಳಿಯುವ ಹಾಗೆ ನಾನು ಇಂಗ್ಲಿಷಿನಲ್ಲಿ ಬರೆಯಬೇಕು. ಸಿಸ್ಟರುಗಳು ಕಾನ್ವೆಂಟಿನಲ್ಲಿ ಕಲಿಸಿದ ಹಾಗೇ ಶುರು ಮಾಡಿದೆ: ‘ಐ ಬೆಗ್ ಟು ಸ್ಟೇಟ್...’

“ತಡೀರಿ. ಬೆಗ್ ಅಂದ್ರೆ ಭಿಕ್ಷೆ ಅಲ್ವಾ? ನಾನ್ಯಾಕೆ ಬೇಡ್ಲಿ?”

“ಅದು ಮ್ಯಾನರ್ಸ್ ಕಣಪ್ಪ.”

“ಅವ್ರಿಗಿಲ್ದಿದ್ದು ನಮಗ್ಯಾಕೆ? ಹೊಡೀರಿ ಅದ್ನ!”

ಹೊಡೆದೆ. ಅವನ ಬೈಗುಳಗಳನ್ನು ಇಂಗ್ಲಿಷಿಗೆ ಇಳಿಸುವಷ್ಟು ಓದಿಲ್ಲ ನಾನು. ಆದರೂ ಕಾಗದದ ಮೇಲೆ ಕೈಲಾದಷ್ಟು ಖಾರ ಹಾಕಿ, ಅದನ್ನು ಫೋನಿನಲ್ಲಿ ಟೈಪ್ ಮಾಡಿ, ಒಂದು ಸ್ಟಾರ್ ಕೊಟ್ಟು ಕಳಿಸಿದೆ. ಮರುದಿನ ಉತ್ತರ: ‘ನಿಮ್ಮ ಅಭಿಪ್ರಾಯ ನಮ್ಮ ಕಮ್ಯುನಿಟಿ ಗೈಡ್‌ಲೈನ್ಸ್‌ಗೆ ಹೊಂದುವುದಿಲ್ಲ.’

“ಕಮ್ಯುನಿಟಿ ಅಂದ್ರೆ ಜಾತಿ ಅಲ್ವಾ ಅತ್ತಿಗೆ? ಬೋರ್ಡ್ ಕೆಟ್ಟೋಗೈತೆ ಅಂದ್ರೆ ಜಾತಿ ಕೇಳ್ತಾನಲ್ಲ ಬಡ್ಡೀಮಗ!”

ಐದು ಸಲ ಬರೆದೆವು. ಐದು ಸಲವೂ ಅದೇ ಉತ್ತರ. ಬಾಕ್ಸ್ ಓಪನ್ ಮಾಡದವನ ಐದು ಸ್ಟಾರ್ ಮಾತ್ರ ಅಲ್ಲೇ ಮೇಲೆ ಮಿಂಚುತ್ತಿತ್ತು! ಸಿಟ್ಟು ಬರುವುದಿಲ್ಲವೇ ನೀವೇ ಹೇಳಿ?

ಐದನೆಯ ಸಲ ಬರೆದು ಮುಗಿಸಿ ಪೆನ್ನಿನ ಕ್ಯಾಪ್ ಹಾಕುತ್ತಾ, ನಾನೊಂದು ಮಾತು ಆಡಿಬಿಟ್ಟೆ. “ಅಲ್ಲಪ್ಪ, ಮಜ್ಜಿಗೆ ಲೋಟ ಏನಾದ್ರೂ ಕೈ ತಾಗಿ... ನೀನೇ ಮರೆತಿರಬಹುದಲ್ಲ? ಇಲ್ಲದಿದ್ದರೆ ಅದರೊಳಗೆ ನೀರು ಎಲ್ಲಿಂದ ಬಂತು?”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಕೋಲು ಊರಿಕೊಂಡು ಹಿತ್ತಲಿಗೆ ಹೋದ. ಈಗ ನನಗೆ ಸಿಟ್ಟು ಕಂಪನಿಯ ಮೇಲಲ್ಲ, ಆ ಹುಡುಗಿಯ ಮೇಲೂ ಅಲ್ಲ. ನಲವತ್ತು ವರ್ಷದಲ್ಲಿ ಒಂದು ಸುಳ್ಳೂ ಆಡದ ಮನುಷ್ಯ ಒಂದು ಕಡೆ, ಟೈಪ್ ಮಾಡಿದ ಮೂರು ಸಾಲು ಇಂಗ್ಲಿಷ್ ಇನ್ನೊಂದು ಕಡೆ. ನಾನು ನಂಬಿದ್ದು ಯಾವುದನ್ನು? ಛೆ!

ಹತ್ತು ದಿನ ಫೋನಿಲ್ಲ. ಹನ್ನೊಂದನೆಯ ದಿನ, “ಬಂದು ಹೋಗಿ ಅತ್ತಿಗೆ” ಅಂದ. ಅದೇ ನಾನು ಅವನನ್ನು ಕಡೆಯ ಸಲ ನೋಡಿದ್ದು. ಮರುವಾರ ಮಧ್ಯಾಹ್ನ ಮಲಗಿದವನು ಏಳಲಿಲ್ಲ.

ನಾನು ಹೋದ ದಿನ, ಕಂಪ್ಯೂಟರ್ ಇದ್ದ ಮೇಜಿನ ಮೇಲೆ, ಕಿಟಕಿಯ ಪಕ್ಕ, ಒಂದು ಸ್ಟೀಲ್ ತಟ್ಟೆ ಇಟ್ಟಿದ್ದ. ಟವೆಲಿನಿಂದ ಒರೆಸಿ, “ಮುಟ್ಟಿ ನೋಡಿ” ಅಂದ. ಒಣಗಿತ್ತು. “ಕೂತ್ಕಳಿ.” ಕೂತೆ. ಅರ್ಧ ಗಂಟೆ ಇಬ್ಬರೂ ತಟ್ಟೆ ಕಾಯುತ್ತಾ ಕೂತೆವು. ಆಮೇಲೆ ಬಿಸಿಲೆ ಕಡೆಯ ಕಣಿವೆಯಿಂದ ಮೋಡ ಎದ್ದು, ಕಿಟಕಿಯ ಸರಳು ದಾಟಿ, ನೆಂಟರ ಹಾಗೆ ಒಳಗೆ ಬಂತು. ಮಳೆಯಿಲ್ಲ, ಸದ್ದಿಲ್ಲ. ಎದುರಿಗೆ ಕೂತವನೇ ಕಾಣಿಸಲಿಲ್ಲ. ಅದು ಹೋದ ಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡೆ. ತಟ್ಟೆಯ ತುಂಬ ಸಣ್ಣ ಸಣ್ಣ ಹನಿ.

ಅವನು ತಟ್ಟೆಯ ಮೇಲೆ ಬೆರಳೆಳೆದು, ಒದ್ದೆ ಬೆರಳನ್ನು ನನ್ನ ಮುಂದೆ ಹಿಡಿದ.

“ಯಾರ್ ಸುರಿದ್ರು ಅತ್ತಿಗೆ?”

“ಯಾರೂ ಸುರೀಲಿಲ್ಲ ಕಣಪ್ಪ.”

“ಇಂಗ್ಲಿಷ್ನಾಗೆ ಹೇಳಿ.”

ಎದ್ದು ನಿಂತು ಹೇಳಿದೆ. “ನೋಬಡಿ ಪೋರ್ಡ್ ಎನಿ ವಾಟರ್.”

ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ. “ಇನ್ನೊಂದ್ ಸಲ ಹೇಳಿ” ಅಂದ.